ವಾಡುಜ್ ಮಫ್ಲರ್: 1992ರ ಗಂಟು ಕೊನೆಗೂ ಬಿಚ್ಚಿತು

ಚಿನ್ನದ ಬಣ್ಣದ ಸಾಲು ಕೊನೆಗೂ ಎಲ್ಲಿ ಬೀಳಬೇಕಿತ್ತೋ ಅಲ್ಲೇ ಬಿತ್ತು. ಇದೊಂದಕ್ಕೆ ಎಷ್ಟು ಸಲ ಬಿಚ್ಚಿದ್ದೇನೆ ಅಂದರೆ ಆ ಉಲ್ಲನ್ ದಾರಕ್ಕೆ ಈಗ ಹತ್ತಿಯ ಹಾಗೆ ಜುಂಗು ಎದ್ದಿದೆ. ಇರಲಿ, ಕೆಲಸ ಆಯ್ತಲ್ಲ.

ಹೊಸಬರಿಗೆ ಎರಡು ಮಾತು. ಇದು ಎಫ್‌ಸಿ ವಾಡುಜ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು ಹೇಳುವ ಮಫ್ಲರ್. ಒಂದು ಸೀಸನ್‌ಗೆ ನಾಲ್ಕು ಸಾಲಿನ ಒಂದು ಪಟ್ಟಿ. ಕ್ಲಬ್ ಹುಟ್ಟಿದ್ದು 1932ರಲ್ಲಿ, ಲಿಕ್ಟೆನ್‌ಸ್ಟೈನ್‌ನ ರಾಜಧಾನಿಯಲ್ಲಿ. ಇಡೀ ದೇಶದ ವಿಸ್ತೀರ್ಣ 160 ಚದರ ಕಿಲೋಮೀಟರ್, ಜನ ಸುಮಾರು 40,000. ರೈನ್ ನದಿ ದಂಡೆಯಲ್ಲಿರುವ ಅವರ ಸ್ಟೇಡಿಯಂನಲ್ಲಿ ಏಳು ಸಾವಿರ ಚಿಲ್ಲರೆ ಜನ ಹಿಡಿಯುತ್ತಾರೆ. ಊರಿನ ಜನಸಂಖ್ಯೆ ಅಷ್ಟಿಲ್ಲ! ಹಸುಗೂಸು, ಅಜ್ಜ, ಅಜ್ಜಿ ಎಲ್ಲರೂ ಬಂದು ಕೂತರೂ ಸೀಟು ಖಾಲಿ.

ಡಬಲ್ ನಿಟಿಂಗ್ (ಒಂದೇ ಸಲಕ್ಕೆ ಎರಡು ಪದರ ಹೆಣೆಯುವುದು) ಯಾಕೆ ಅಂದರೆ, ಈ ಕ್ಲಬ್ಬಿನ ಬದುಕೇ ಎರಡು ಪದರದ್ದು. ದೇಶದಲ್ಲಿ ಇರುವುದೇ ಏಳು ಕ್ಲಬ್. ಹಾಗಾಗಿ ಸ್ವಂತ ಲೀಗ್ ಇಲ್ಲ. ಏಳೂ ತಂಡಗಳು ಪಕ್ಕದ ಸ್ವಿಟ್ಜರ್ಲೆಂಡ್‌ನ ಲೀಗ್‌ಗಳಲ್ಲಿ ಆಡುತ್ತವೆ. ಸ್ವಂತದ್ದು ಅಂತ ಇರುವುದು 1946ರಿಂದ ನಡೆಯುತ್ತಿರುವ ಒಂದು ಕಪ್ ಮಾತ್ರ. ಅದನ್ನು ಗೆದ್ದರೆ ಯುರೋಪಿನ ಟೂರ್ನಿಗೆ ಬಾಗಿಲು ತೆರೆಯುತ್ತದೆ. ಸ್ವಿಸ್ ಲೀಗಿನಲ್ಲಿ ಎಷ್ಟೇ ಮೇಲೆ ಬಂದರೂ ಆ ದೇಶದ ಪಾಲಿನ ಯುರೋಪ್ ಸೀಟು ಇವರಿಗೆ ಸಿಗಲ್ಲ.

ಅದಕ್ಕೇ ಮಫ್ಲರ್‌ನ ಮುಂಭಾಗ ಲೀಗಿಗೆ, ಹಿಂಭಾಗ ಕಪ್ಪಿಗೆ. ಮುಂದೆ ಬೂದು ಅಂದರೆ ಕೆಳಗಿನ ದರ್ಜೆಗಳು, ಬಿಳಿ ಅಂದರೆ ಎರಡನೇ ದರ್ಜೆ, ಕೆಂಪು ಅಂದರೆ ಸ್ವಿಸ್ ಸೂಪರ್ ಲೀಗ್. ಹಿಂದೆ ಚಿನ್ನ ಅಂದರೆ ವಾಡುಜ್ ಕಪ್ ಗೆದ್ದಿದೆ, ಕಡುನೀಲಿ ಅಂದರೆ ಬೇರೆಯವರು ಹೊಡೆದುಕೊಂಡರು, ಕ್ರೀಮ್ ಅಂದರೆ ಆ ವರ್ಷ ಕಪ್ಪೇ ಇಲ್ಲ. ಮೊದಲ ಸೀಸನ್ ಮಾತ್ರ ಹಸಿರು. 1932-33ರಲ್ಲಿ ಅವರು ಆಡಿದ್ದು ಇನ್ನೊಂದು ಪಕ್ಕದ ಆಸ್ಟ್ರಿಯಾದ ಫೊರಾರ್ಲ್‌ಬರ್ಗ್‌ನಲ್ಲಿ. ಮುಂದಿನ ವರ್ಷವೇ ನದಿಯ ಆಚೆಗೆ ಹೊರಟರು. ಯುರೋಪ್ ಆಡಿದ ವರ್ಷ ಒಂದು ಪೂರ್ತಿ ಸಾಲು ಅದಲು ಬದಲು: ಹಿಂದಿನ ಬಣ್ಣ ಮುಂದೆ, ಮುಂದಿನದು ಹಿಂದೆ. ಗ್ರಾಫ್ ಹಾಳೆಯ ಮೇಲೆ ಎಲ್ಲ ಚೆಂದ ಕಾಣುತ್ತಿತ್ತು.

1992ಕ್ಕೆ ಬಂದೆ. ಶುರುವಾಯ್ತು ತಲೆನೋವು.

1992ರಲ್ಲಿ ವಾಡುಜ್ ಕಪ್ ಗೆದ್ದಿತು. ಆ ಗೆಲುವಿನ ಮೇಲೆ 1992-93ರ ಕಪ್ ವಿನ್ನರ್ಸ್ ಕಪ್ ಅನ್ನುವ ಯುರೋಪಿನ ಟೂರ್ನಿಗೆ ಹೋಯಿತು. ಲಿಕ್ಟೆನ್‌ಸ್ಟೈನ್‌ನ ಕ್ಲಬ್ಬೊಂದು ಯುರೋಪಿಗೆ ಕಾಲಿಟ್ಟಿದ್ದೇ ಅವತ್ತು. ಉಕ್ರೇನಿನ ಒಡೆಸ್ಸಾದ ಚೋರ್ನೊಮೊರೆಟ್ಸ್ ಎದುರು ಎರಡು ಪಂದ್ಯ ಸೇರಿ 1-12ರಿಂದ ಸೋತರು ಅನ್ನುವುದು ಬೇರೆ ಮಾತು. ಮೊದಲ ಸಲದ್ದು ಅಲ್ವಾ, ಮಫ್ಲರ್‌ನಲ್ಲಿ ಮಿಂಚಲೇಬೇಕು. ನಾನು 1992-93ರ ಪಟ್ಟಿಯಲ್ಲಿ ಸಾಲು ಅದಲು ಬದಲು ಮಾಡಿದೆ. ಮುಂದೆ ಬಂದದ್ದು ಚಿನ್ನ ಅಲ್ಲ, ಕಡುನೀಲಿ! ಯಾಕೆಂದರೆ 1993ರ ಕಪ್ ದೇಶದ ಇನ್ನೊಂದು ಕ್ಲಬ್ ಬಾಲ್ಜರ್ಸ್‌ನವರ ಪಾಲಾಗಿತ್ತು. ಆ ಪಟ್ಟಿಯ ಹಿಂಭಾಗ ನೀಲಿ. ಅಂದರೆ ನನ್ನ ಮಫ್ಲರ್ ಹೇಳುತ್ತಿರುವ ಪ್ರಕಾರ ವಾಡುಜ್ ಯುರೋಪಿಗೆ ಹೋಗಿದ್ದು ಬಾಲ್ಜರ್ಸ್ ಕಪ್ ಗೆದ್ದ ಪುಣ್ಯದಿಂದ. ಕ್ಲಬ್ಬಿನವರು ನೋಡಿದರೆ ಕಡ್ಡಿ ಕಿತ್ತುಕೊಳ್ಳುತ್ತಾರೆ.

ಸರಿ, ಅದಲು ಬದಲು ಸಾಲನ್ನು ಒಂದು ಸೀಸನ್ ಹಿಂದಕ್ಕೆ ತಂದರೆ? ಆಗ ಆಡಿದ ವರ್ಷ ತಪ್ಪು. ಮುಂಭಾಗದ ಲೀಗ್ ಬಣ್ಣಕ್ಕೂ ಅದಕ್ಕೂ ತಾಳೆ ಆಗಲ್ಲ. ಮೂರನೇ ದಾರವಾಗಿ ಚಿನ್ನವನ್ನು ಆ ಸಾಲಿಗಷ್ಟೇ ಎಳೆದು ನೋಡಿದೆ. ಎರಡು ಪದರದ ನಡುವೆ ಮೂರು ದಾರ ಓಡಿಸಿದವರಿಗೆ ಗೊತ್ತು, ಸಾಲು ಊದಿಕೊಳ್ಳುತ್ತದೆ. ಹಿಂಭಾಗದ ಎಲ್ಲ ಬಣ್ಣವನ್ನೂ ಒಂದೊಂದು ಪಟ್ಟಿ ಮುಂದಕ್ಕೆ ತಳ್ಳೋಣ ಅಂದರೆ 1946ರಿಂದ ಪೂರ್ತಿ ಬಿಚ್ಚಬೇಕು. ಕೈಯಲ್ಲಿದ್ದದ್ದನ್ನು ಚೀಲಕ್ಕೆ ತುರುಕಿ ಸುಮ್ನೆ ಕೂತೆ.

ಈ ಮಧ್ಯೆ, ಇದರ ಬದಲು ಬೇರೆ ಕ್ಲಬ್ಬಿನದು ಹೆಣೆಯೋಣ ಅಂತ ತಲೆಗೆ ಹೊಕ್ಕಿದ್ದು ಫಾರೋ ದ್ವೀಪಗಳ ಕ್ಲಾಕ್ಸ್‌ವೀಕ್. ಕೆಐ ಕ್ಲಾಕ್ಸ್‌ವೀಕ್, 1904ರ ಕ್ಲಬ್, ನೀಲಿ ಜೆರ್ಸಿ. 2023ರಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಬುಡಾಪೆಸ್ಟ್‌ಗೆ ಹೋಗಿ ಫೆರೆಂಟ್ಸ್‌ವಾರೋಷ್‌ಗೆ 3-0 ಕೊಟ್ಟವರು. ಅವರದು ಉಲ್ಲನ್ನಿನ ನಾಡು. ಅಲ್ಲಿಯ ಸ್ವೆಟರ್ ವಿನ್ಯಾಸದಲ್ಲೇ ಕುತ್ತಿಗೆಯಿಂದ ಕೆಳಗೆ ಸೀಸನ್ ಲೆಕ್ಕ ಇಳಿಸಬಹುದು. ಅದರಲ್ಲಿ ಎರಡು ಪದರದ ತಂಟೆ ಇಲ್ಲ, ಅವರಿಗೆ ಸ್ವಂತ ಲೀಗ್ ಇದೆ. ಜಿಬ್ರಾಲ್ಟರ್‌ನ ಲಿಂಕನ್ ರೆಡ್ ಇಂಪ್ಸ್ ಬಗ್ಗೆಯೂ ಯೋಚಿಸಿದ್ದೆ. ಆದರೆ ಅವರು 2003ರಿಂದ 2016ರವರೆಗೆ 14 ವರ್ಷ ಬಿಡದೆ ಲೀಗ್ ಗೆದ್ದಿದ್ದಾರೆ. ಒಂದೇ ಬಣ್ಣದಲ್ಲಿ ಅಷ್ಟು ಸಾಲು ಹೆಣೆದರೆ ನಿದ್ದೆ ಬರುತ್ತದೆ. 2016ರಲ್ಲಿ ಸ್ಕಾಟ್ಲೆಂಡ್‌ನ ಸೆಲ್ಟಿಕ್ ಮೇಲೆ ಪೊಲೀಸ್ ಕೆಲಸದ ಲೀ ಕಸ್ಕಿಯಾರೊ ಹೊಡೆದ ಗೋಲಿಗೆ ಒಂದು ಟೋಪಿ ಸಾಕು.

ವಾಡುಜ್‌ಗೆ ವಾಪಸ್. ಉತ್ತರ ಕ್ಯಾಲೆಂಡರ್‌ನಲ್ಲೇ ಇತ್ತು. ಕಪ್ ಫೈನಲ್ ನಡೆಯುವುದು ಸೀಸನ್ನಿನ ಕೊನೆಯಲ್ಲಿ. ಯುರೋಪ್ ಪಂದ್ಯ ಬರುವುದು ಮುಂದಿನ ಸೀಸನ್ನಿನ ಆರಂಭದಲ್ಲಿ. ಲೀಗ್ ಬದಲಾದರೂ ಕಪ್ ಇನ್ನೂ ಹಳೆಯ ವಿಜೇತರ ಕಪಾಟಿನಲ್ಲೇ ಇರುತ್ತದೆ. ಹಾಗಿದ್ದ ಮೇಲೆ ಎರಡೂ ದಾರವನ್ನು ಒಂದೇ ಸಾಲಿನಲ್ಲಿ ಯಾಕೆ ಕತ್ತರಿಸಬೇಕು? ಮುಂಭಾಗದ ದಾರವನ್ನು ಹೊಸ ಸೀಸನ್ನಿನ ಮೊದಲ ಸಾಲಿಗೆ ಬದಲಿಸಿದೆ. ಹಿಂಭಾಗದ ದಾರವನ್ನು ಎರಡನೇ ಸಾಲಿಗೆ. ಯುರೋಪ್ ಸಾಲು ಯಾವಾಗಲೂ ಮೊದಲನೆಯದು. ಆಗ ಅದಲು ಬದಲು ಮಾಡಿದರೆ ಹೊಸ ಸೀಸನ್ನಿನೊಳಗೆ ಹೋದ ವರ್ಷದ ಚಿನ್ನ ತಾನಾಗೇ ಮುಂದೆ ಬರುತ್ತದೆ. ನೀಲಿ ಅದರ ನಂತರ ಶುರು. ಹಳೆಯ ಭಾಗವನ್ನು ಬಿಚ್ಚುವ ಅಗತ್ಯವೇ ಬೀಳಲಿಲ್ಲ. ಅಲ್ಲಿ ಯುರೋಪೇ ಇರಲಿಲ್ಲವಲ್ಲ.

ಆಮೇಲೆ ಓಡಿತು. 1996ರಲ್ಲಿ ಲಾಟ್ವಿಯಾದ ತಂಡವನ್ನು ಪೆನಾಲ್ಟಿಯಲ್ಲಿ ದಾಟಿ, ಹಿಂದಿನ ಸೀಸನ್ನಿನ ಚಾಂಪಿಯನ್ ಪ್ಯಾರಿಸ್ ಸೇಂಟ್ ಜರ್ಮೇನ್ ಕೈಲಿ 0-4, 0-3 ತಿಂದದ್ದು. 1998ರಿಂದ 2011ರವರೆಗೆ ಹಿಂಭಾಗ ಬರೀ ಚಿನ್ನ, ಒಂದು ದಾರವನ್ನೂ ಕತ್ತರಿಸುವಂತಿಲ್ಲ, ಸ್ವರ್ಗ. 2012ರಲ್ಲಿ ಈಶೆನ್-ಮಾವ್ರೆನ್ ತಂಡ ಫೈನಲ್‌ನಲ್ಲಿ ಇವರನ್ನು ಕೆಡವಿತು. 2012-13ಕ್ಕೆ ಅದಲು ಬದಲು ಇಲ್ಲ. ಹೊಸ ಲೆಕ್ಕದಲ್ಲಿ ಅದೂ ಸರಿಯಾಗಿ ಕೂತಿತು.

ಕೊರೊನಾ ವರ್ಷಗಳು ಮಜಾ ಕೊಟ್ಟವು. 2020, 2021 ಎರಡೂ ಸಲ ಕಪ್ ಮುಗಿಯಲೇ ಇಲ್ಲ, ಆದರೂ ವಾಡುಜ್ ಯುರೋಪಿಗೆ ಹೋಯಿತು. ಅಂದರೆ ಮುಂದೆ ಬರಬೇಕಾದ್ದು ಕ್ರೀಮ್ ಸಾಲು. 2020-21 ಸೂಪರ್ ಲೀಗ್ ವರ್ಷ, ಕೆಂಪಿನ ಮೇಲೆ ಕ್ರೀಮ್ ಚೆನ್ನಾಗಿ ಕಂಡಿತು. 2021-22 ಬಿಳಿ. ಬಿಳಿಯ ಮೇಲೆ ಕ್ರೀಮ್! ಇಲ್ಲಿ ದಾರ ಕಳಿಸಿದ ಅಂಗಡಿಯವರನ್ನು ನೆನೆಯಲೇಬೇಕು. ಅವರ 'ಮಲ್ಲಿಗೆ ಬಿಳಿ'ಯನ್ನು ಟ್ಯೂಬ್‌ಲೈಟ್ ಕೆಳಗೆ ಇಟ್ಟರೆ ಹಳೇ ಪಂಚೆಯ ಬಣ್ಣ. ಎರಡನೇ ಕಂತಿನಲ್ಲಿ ಬಂದ ಉಂಡೆಗೆ ಬೇರೆ ಡೈ ಲಾಟ್, ಅಂದರೆ ಬೇರೆ ಸಲ ಬಣ್ಣ ಹಾಕಿದ್ದು. ಕೇಳಿದರೆ 'ಒಗೆದರೆ ಒಂದೇ ಆಗುತ್ತೆ ಮೇಡಂ' ಅನ್ನುತ್ತಾರೆ. ಕೊನೆಗೆ ಸಾಲನ್ನು ಹಾಗೇ ಬಿಟ್ಟೆ. ಆ ವರ್ಷ ಹಂಗರಿಯ ಉಯ್‌ಪೆಸ್ಟ್ ಎದುರು ಬೇಗನೆ ಹೊರಬಿದ್ದಿದ್ದರು, ಕಾಣದಿದ್ದರೂ ನಷ್ಟ ಇಲ್ಲ.

ಕೆಂಪು ದಾರದ ಕತೆ ಇನ್ನೂ ಚೆಂದ. ಐದು ಉಂಡೆಯ ಪ್ಯಾಕ್ ತಗೊಳ್ಳಲೇಬೇಕು, ಬಿಡಿ ಕೊಡಲ್ಲ. ಸೂಪರ್ ಲೀಗ್‌ನಲ್ಲಿ ವಾಡುಜ್ ಇದ್ದದ್ದು 2008-09, 2014ರಿಂದ 2017, ಮತ್ತೆ 2020-21. ಐದು ಸೀಸನ್, 20 ಸಾಲು. ಮೂರು ಸಲವೂ ಹತ್ತಿದ ಮೆಟ್ಟಿಲನ್ನೇ ಇಳಿದು ಬಂದಿದ್ದಾರೆ. ಒಂದು ಉಂಡೆಯೂ ಖರ್ಚಾಗಲಿಲ್ಲ. ಕೆಂಪು ಕ್ಲಬ್ಬಿನ ಮಫ್ಲರ್‌ನಲ್ಲಿ ಕೆಂಪೇ ಕಮ್ಮಿ.

ಪದರಗಳು ದಿಂಬಿನ ಕವರಿನ ಹಾಗೆ ಬೇರೆ ಬೇರೆಯಾಗುತ್ತವಲ್ಲ ಅಂತ ಹೋದ ಸಲ ಕೆಲವರು ಕೇಳಿದ್ದಿರಿ. ಪೂರ್ತಿ ಸಾಲು ಅದಲು ಬದಲಾದರೆ ಬರೀ ಪಟ್ಟೆ ಬೀಳುತ್ತದೆ, ಪದರ ಕಚ್ಚಿಕೊಳ್ಳಲ್ಲ, ನಿಜ. ಅದಕ್ಕೆ ಅಲ್ಲಲ್ಲಿ ಒಂದೊಂದೇ ಜೋಡಿ ಸ್ಟಿಚ್ ಅದಲು ಬದಲು ಮಾಡಿ ಚುಕ್ಕಿ ಇಟ್ಟಿದ್ದೇನೆ. ಅಗಲ 47 ಜೋಡಿ ಸ್ಟಿಚ್ (ಮುಂದೊಂದು, ಹಿಂದೊಂದು). 1932ರಲ್ಲಿ ಹುಟ್ಟಿದ ವಾಡುಜ್, ಬಾಲ್ಜರ್ಸ್, ಟ್ರೀಸೆನ್‌ಗೆ 12, 24, 36ನೇ ಜೋಡಿಯಲ್ಲಿ ಒಂದೊಂದು. 1949ರಲ್ಲಿ ಶಾನ್, 1958ರಲ್ಲಿ ರುಗ್ಗೆಲ್, 1963ರಲ್ಲಿ ಈಶೆನ್-ಮಾವ್ರೆನ್, 1972ರಲ್ಲಿ ಟ್ರೀಸೆನ್‌ಬರ್ಗ್ ಸೇರಿದ ಹಾಗೆ ನಡುವಿನ ಜಾಗ ತುಂಬುತ್ತದೆ. 1932ರ ತುದಿ ಇನ್ನೂ ಸ್ವಲ್ಪ ಜೋಲು. 1972ರಿಂದ ಈಚೆಗೆ ಗಟ್ಟಿ.

ಈಗ ಕಡ್ಡಿಯ ಮೇಲೆ 2022-23 ಇದೆ. ಎರಡನೇ ದರ್ಜೆಯ ತಂಡ, ಯುರೋಪಿನ ಕಾನ್ಫರೆನ್ಸ್ ಲೀಗ್‌ನಲ್ಲಿ ಟರ್ಕಿಯ ಕೊನ್ಯಾಸ್ಪೋರ್ ಊರಿಗೇ ಹೋಗಿ 4-2, ಆಮೇಲೆ ವಿಯೆನ್ನಾದಲ್ಲಿ ರಾಪಿಡ್ ಮೇಲೆ 1-0. ದೇಶದ ಮೊದಲ ಗ್ರೂಪ್ ಹಂತ. ಆರು ಪಂದ್ಯದಲ್ಲಿ ಗೆಲುವು ಇಲ್ಲ, ಎರಡು ಡ್ರಾ. ಆದರೂ ಇದಕ್ಕೆ ಒಂದೇ ಸಾಲು ಕೊಟ್ಟರೆ ಮೊದಲ ಸುತ್ತಲ್ಲೇ ಉದುರಿದ ವರ್ಷಗಳಿಗೂ ಇದಕ್ಕೂ ವ್ಯತ್ಯಾಸ ಏನು? ನಾಲ್ಕೂ ಸಾಲನ್ನು ಅದಲು ಬದಲು ಮಾಡುತ್ತಿದ್ದೇನೆ. 2023ರ ಕಪ್ಪೂ ಇವರದೇ, ಹಾಗಾಗಿ ಹಿಂದಿನ ದಾರ ಕತ್ತರಿಸುವ ಕೆಲಸವೂ ಇಲ್ಲ. ಮುಂಭಾಗ ಪೂರ್ತಿ ಚಿನ್ನ, ಬಿಳಿ ಹಿಂದಕ್ಕೆ. ಚಿನ್ನದ ದಾರ ಮಾತ್ರ ಮುಗಿಯುತ್ತಾ ಬಂತು. ಅದೇ ಡೈ ಲಾಟ್ ಯಾರ ಹತ್ತಿರವಾದರೂ ಅರ್ಧ ಉಂಡೆ ಇದ್ದರೆ ಹೇಳಿ, ಬದಲಿಗೆ ನಾಲ್ಕು ಉಂಡೆ ಕೆಂಪು ಕಳಿಸುತ್ತೇನೆ.