ನೀರು ಇಳಿದ ಮೇಲೆ ಸಿಕ್ಕ ಪ್ರೊಪೆಲರ್

ದೋಣಿ ಮುಂದಕ್ಕೆ ಹೋಗುವಾಗ ಪ್ರೊಪೆಲರ್, ಅಂದರೆ ಮೋಟಾರಿನ ತುದಿಯಲ್ಲಿ ನೀರೊಳಗೆ ತಿರುಗುವ ರೆಕ್ಕೆಚಕ್ರ, ಕಳಚಿ ಬೀಳುವುದು ಅಪರೂಪ. ಆಗ ಅದು ನೀರನ್ನು ಹಿಂದಕ್ಕೆ ತಳ್ಳುತ್ತಾ ತಾನು ಮೋಟಾರಿನ ಕಡೆಗೇ ಒತ್ತಿಕೊಂಡಿರುತ್ತದೆ. ರಿವರ್ಸ್ ಹಾಕಿದರೆ ಲೆಕ್ಕ ಉಲ್ಟಾ. ಅದು ತಾನು ಕೂತಿರುವ ದಂಡದಿಂದ, ಅಂದರೆ ಶಾಫ್ಟಿನಿಂದ, ಆಚೆಗೆ ಜಗ್ಗತೊಡಗುತ್ತದೆ. ಆಗ ಅದನ್ನು ಹಿಡಿದುಕೊಂಡಿರುವುದು ಒಂದೇ ಒಂದು ನಟ್ಟು. ನಟ್ಟು ಸಡಿಲವಾಗದಂತೆ ಕಾಯುವುದು ಅದರ ಅಡ್ಡಕ್ಕೆ ತೂರಿಸಿದ ಸ್ಪ್ಲಿಟ್ ಪಿನ್ ಎಂಬ ಎರಡು ಕಾಲಿನ ಸಣ್ಣ ಕಡ್ಡಿ. ಆ ಪಿನ್ ತುಂಡಾದರೆ ಮುಗಿಯಿತು.

ನಮ್ಮ ಭಾವನ ಹಾಯಿದೋಣಿಯಲ್ಲಿ ಆದದ್ದು ಇದೇ. 2023ರ ನವೆಂಬರ್, ಕನ್ನಂಬಾಡಿ ಕಟ್ಟೆಯ ಹಿನ್ನೀರು. ಮೈಸೂರಿನಿಂದ ಭಾನುವಾರ ಬೆಳಿಗ್ಗೆ ಹೊರಟರೆ ಸಂಜೆವರೆಗೂ ನಾವು ಅಲ್ಲೇ. ಕಟ್ಟೆಯ ಸಮೀಪಕ್ಕೆ ಹೋಗುವುದಿಲ್ಲ, ದೂರದ ಹಿನ್ನೀರೇ ನಮಗೆ ಸಾಕು. ಮುಂಗಾರಿನಲ್ಲಿ ಅಲ್ಲಿ ಬೀಸುವ ಗಾಳಿಗೆ ಮೋಟಾರಿನ ನೆನಪೂ ಬರುವುದಿಲ್ಲ. ನವೆಂಬರಿನಲ್ಲಿ ಹಾಗಲ್ಲ. ಮಧ್ಯಾಹ್ನವೇ ಗಾಳಿ ಸತ್ತು ಹಾಯಿ ಜೋತುಬೀಳುತ್ತದೆ. ಅದಕ್ಕೇ ಹಿಂದೆ ಒಂದು ಹಳೆಯ 8 ಎಚ್‌ಪಿ ಔಟ್‌ಬೋರ್ಡ್ ಮೋಟಾರು. ಸೆಕೆಂಡ್ ಹ್ಯಾಂಡ್ ಆದರೂ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ.

ಅವತ್ತು ಮೋಟಾರಿನಲ್ಲೇ ದಡದ ಕಡೆ ಬರುತ್ತಿದ್ದೆವು. ಎದುರಿಗೆ ನೀರಿನ ಮೇಲೆ ಖಾಲಿ ಬಾಟಲಿಗಳ ಸಾಲು ಕಂಡಿತು. ಮೀನಿನ ಬಲೆ. ಭಾವ ತಕ್ಷಣ ರಿವರ್ಸ್ ಹಾಕಿದರು. ಮೋಟಾರು ಒಮ್ಮೆ ಅರಚಿತು, ದೋಣಿ ಮಾತ್ರ ನಿಲ್ಲಲಿಲ್ಲ. ನಾನು ಹುಟ್ಟು ಹಾಕಿ ದೋಣಿಯ ಮೂತಿ ತಿರುಗಿಸಿದೆ. ಬಲೆ ಉಳಿಯಿತು. ಮೋಟಾರು ಎತ್ತಿ ನೋಡಿದರೆ ಬರೀ ಶಾಫ್ಟು. ಒಳಗಿನ ವಾಷರ್ ಅಲ್ಲೇ ಕೂತಿತ್ತು. ಪ್ರೊಪೆಲರ್ ಇಲ್ಲ, ನಟ್ಟೂ ಇಲ್ಲ. ಪಿನ್ನಿನ ತೂತಿನ ಸುತ್ತ ಕೆಂಪು ತುಕ್ಕು. ಯಾವ ಕಾಲದಲ್ಲೋ ಯಾರೋ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪಿನ್ ಹಾಕುವ ಕಡೆ ಸಾದಾ ಕಬ್ಬಿಣದ ಪಿನ್ ಹಾಕಿದ್ದರು ಅನ್ನುವುದು ಅದರಲ್ಲೇ ಗೊತ್ತಾಯಿತು.

ಆಮೇಲೆ ಭಾವ ಮಾಡಿದ ಕೆಲಸವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಒಂದು ಕ್ಷಣವೂ ಗೊಣಗಲಿಲ್ಲ. ಲಂಗರು ಬಿಟ್ಟರು. ದಡದ ಕಡೆ ನೋಡಿ, "ಆ ಒಂಟಿ ಹುಣಸೆಮರದ ನೇರಕ್ಕೆ ಹಿಂದೆ ಏನಿದೆ ಹೇಳು" ಎಂದರು. ಮರದ ಹಿಂದೆ ಸರಿಯಾಗಿ ಮೊಬೈಲ್ ಟವರ್ ಇತ್ತು. ಅದು ಒಂದು ಗೆರೆ. ಎಡಗಡೆಗೆ ತಿರುಗಿದರೆ ಪಂಪ್‌ಸೆಟ್ ಮನೆಯ ಮೂಲೆ, ಅದರ ನೇರಕ್ಕೆ ಹಿಂದೆ ಒಂದು ತೆಂಗಿನಮರ. ಅದು ಇನ್ನೊಂದು ಗೆರೆ. ಎರಡೂ ಗೆರೆ ಸೇರುವ ಕಡೆ ನಾವಿದ್ದೆವು. ಫೋನಿನ ಮ್ಯಾಪಿನಲ್ಲೂ ಗುರುತು ಹಾಕಿದೆವು. ಆದರೆ ಫೋನು ತೋರಿಸುವ ಜಾಗ ಕೆಲವು ಮೀಟರ್ ಆಚೀಚೆ ಆಗುತ್ತದೆ. ಮರ, ಟವರ್ ಹಾಗಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಒಂದರ ಹಿಂದಿನಿಂದ ಇನ್ನೊಂದು ಇಣುಕುತ್ತದೆ.

ಅಷ್ಟರಲ್ಲಿ ಬಲೆಯ ಯಜಮಾನರು ತೆಪ್ಪದಲ್ಲಿ ಬಂದರು. ಬಲೆ ಹರಿದಿಲ್ಲ ಎಂದು ನೋಡಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ, "ಏನ್ ಬಿತ್ತು ಸಾಮಿ?" ಎಂದು ಕೇಳಿದರು. ಹೇಳಿದೆವು. ಉದ್ದನೆಯ ಗಳ ಇಳಿಬಿಟ್ಟು ನೋಡಿ, "ಎರಡಾಳು ನೀರದೆ. ಕೆಳಗೆಲ್ಲ ಗೋಡು" ಎಂದರು.

ಹೊಸದು ತಂದು ಹಾಕಬಹುದಲ್ವಾ ಎಂದು ನೀವು ಕೇಳಬಹುದು. ಅಷ್ಟು ಸುಲಭವಲ್ಲ. ಶಾಫ್ಟಿನ ಹಲ್ಲುಗಳ ಲೆಕ್ಕ ಸರಿಹೋಗಬೇಕು, ಅಡ್ಡಳತೆ ಸರಿಹೋಗಬೇಕು, ಪಿಚ್ ಸರಿಹೋಗಬೇಕು. ಪಿಚ್ ಎಂದರೆ ಪ್ರೊಪೆಲರ್ ಜಾರದೆ ಒಂದು ಸುತ್ತು ತಿರುಗಿದರೆ ಎಷ್ಟು ಇಂಚು ಮುಂದೆ ಹೋಗುತ್ತದೆ ಅನ್ನುವ ಅಳತೆ. ಅದು ಜಾಸ್ತಿಯಾದರೆ ಮೋಟಾರು ಏದುಸಿರು ಬಿಡುತ್ತದೆ, ಕಡಿಮೆಯಾದರೆ ಸುಮ್ನೆ ಗಿರಗಿರ ತಿರುಗುತ್ತದೆ. ಆ ಹಳೆಯ ಮಾಡೆಲ್ಲಿಗೆ ಹೊಂದುವಂಥದ್ದು ಮೈಸೂರಿನಲ್ಲಿ ಸಿಗಲಿಲ್ಲ.

ಹಾಗಾಗಿ ಹುಡುಕಿದೆವು. ಗೆಳೆಯರೊಬ್ಬರು ಹಗ್ಗಕ್ಕೆ ಕಟ್ಟಿದ ದೊಡ್ಡ ಅಯಸ್ಕಾಂತ ತಂದರು. ಆದರೆ ಪ್ರೊಪೆಲರ್ ಅಲ್ಯೂಮಿನಿಯಮ್ಮಿನದು, ಅಯಸ್ಕಾಂತಕ್ಕೆ ಅಂಟುವ ಜಾತಿಯಲ್ಲ. ದೊಡ್ಡ ದೋಣಿಗಳ ಕಂಚಿನ ಪ್ರೊಪೆಲರ್ ಆಗಿದ್ದರೂ ಇದೇ ಕಥೆ. ಯಜಮಾನರ ಮಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿದ. ತಳ ಮುಟ್ಟಿದೊಡನೆ ಬಗ್ಗಡ ಎದ್ದು ತನ್ನ ಕೈ ತನಗೇ ಕಾಣಲಿಲ್ಲವಂತೆ. ಗೋಡು ದೋಸೆಹಿಟ್ಟಿನ ಹಾಗೆ, ತೋಳು ಮೊಣಕೈವರೆಗೂ ಇಳಿಯುತ್ತದೆ ಎಂದ. ಜೊತೆಗೆ ಹಳೆಯ ಬಲೆಯ ತುಂಡುಗಳು ಕಾಲಿಗೆ ತೊಡರುತ್ತಿದ್ದವು. ಅದು ಕೇಳಿದ ಮೇಲೆ ಭಾವ ಅವನನ್ನು ಮತ್ತೆ ಇಳಿಯಲು ಬಿಡಲಿಲ್ಲ. ಒಂದು ವಸ್ತುವಿಗಾಗಿ ಒಬ್ಬ ಹುಡುಗನನ್ನು ಅಪಾಯಕ್ಕೆ ತಳ್ಳುವುದು ಸರಿಯಲ್ಲ.

"ಬುಡಿ ಸಾಮಿ. ಅದೆಲ್ಲೋಯ್ತದೆ? ಬ್ಯಾಸ್ಗೇಲಿ ಇದೇ ಜಾಗದಲ್ಲಿ ನಾವ್ ಸೌತೆಬಳ್ಳಿ ಹಾಕ್ತೀವಿ. ಆಗ ನಡ್ಕಂಡ್ ಬಂದು ಎತ್ಕಳಿ" ಎಂದರು ಯಜಮಾನರು.

ನಾವು ನೀರು ಎಂದು ನೋಡುತ್ತಿದ್ದುದನ್ನು ಅವರು ಹೊಲ ಎಂದೇ ನೋಡುತ್ತಿದ್ದರು. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ. ಆ ವರ್ಷ ಮಳೆ ಕೈಕೊಟ್ಟು ಕಟ್ಟೆ ತುಂಬಿರಲೇ ಇಲ್ಲ. ನವೆಂಬರಿನಲ್ಲೇ ನೀರು 100 ಅಡಿಯ ಆಸುಪಾಸಿಗೆ ಇಳಿದಿತ್ತು. ಇನ್ನೂ ಇಳಿಯುವುದು ಖಂಡಿತವಿತ್ತು.

ಕಾಯುವುದು ಕಷ್ಟವಾಯಿತು, ಅದೂ ಬೇರೆ ಕಾರಣಕ್ಕೆ. ದಿನಾ ಬೆಳಿಗ್ಗೆ ಪೇಪರಿನಲ್ಲಿ ಕಟ್ಟೆಯ ಮಟ್ಟ ನೋಡುತ್ತಿದ್ದೆ. ಇಳಿದಷ್ಟೂ ನಮ್ಮ ಪ್ರೊಪೆಲರ್ ಹತ್ತಿರ. ಆದರೆ ಅದೇ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದರೆ ತಾನೇ ಮಂಡ್ಯದ ಗದ್ದೆ ಹಸಿರಾಗುವುದು? ಮೈಸೂರು, ಬೆಂಗಳೂರು ಕುಡಿಯುವುದೂ ಕಾವೇರಿಯನ್ನೇ. ಆ ಸೆಪ್ಟೆಂಬರಿನಲ್ಲಿ ನೀರಿಗಾಗಿ ಮಂಡ್ಯ ಬಂದ್ ಆಗಿತ್ತು. ಭಾವನ ಅಕ್ಕನ ಮನೆ ಮದ್ದೂರಿನ ಕಡೆ, ಅವರ ಕಬ್ಬು ನಿಂತಲ್ಲೇ ಒಣಗಿತು. ಅದನ್ನು ಕಣ್ಣಾರೆ ನೋಡಿ ಬಂದ ಮೇಲೆ ನೀರು ಇಳಿಯಲಿ ಎಂದು ಬಾಯಿಬಿಟ್ಟು ಹೇಳಲು ನಮ್ಮಿಬ್ಬರಿಗೂ ಆಗಲಿಲ್ಲ. ಆಮೇಲೆ ಮನೆಯಲ್ಲಿ ಆ ಮಾತೇ ನಿಂತುಹೋಯಿತು.

ಬೇಸಿಗೆ ಏರಿದ ಮೇಲೆ ಯಜಮಾನರ ಫೋನು ಬಂತು. "ನಿಮ್ಮ ಮರ, ಟವರು ಒಂದೇ ಸಾಲಿಗೆ ನಿಲ್ಲೋ ಜಾಗ ಒಣಗದೆ. ಬನ್ನಿ."

ಹೋದರೆ ಗುರುತೇ ಸಿಗದಷ್ಟು ಬದಲಾಗಿತ್ತು. ನಾವು ಹಾಯಿ ಬಿಚ್ಚುತ್ತಿದ್ದ ಕಡೆ ಎಮ್ಮೆಗಳು ಮೇಯುತ್ತಿದ್ದವು. ನೆಲ ಬಿರುಕುಬಿಟ್ಟಿತ್ತು, ಕಾಲಿಟ್ಟಲ್ಲೆಲ್ಲ ಚಿಪ್ಪುಗಳು ಪುಡಿಯಾಗುತ್ತಿದ್ದವು. ದೂರದಲ್ಲಿ ಎಲ್ಲೋ ನೀರಿನ ಗೆರೆ. ಭಾವ ಹುಣಸೆಮರವನ್ನೂ ಟವರನ್ನೂ ಕಣ್ಣಲ್ಲಿ ಹಿಡಿದು ನಡೆದರು. ನಾನು ಪಂಪ್‌ಸೆಟ್ ಮನೆ, ತೆಂಗಿನಮರ ಹಿಡಿದು ಇನ್ನೊಂದು ಕಡೆಯಿಂದ ನಡೆದೆ. ಇಬ್ಬರೂ ಎದುರುಬದುರಾದ ಕಡೆ ಯಜಮಾನರು ಒಂದು ಗೂಟ ಹೊಡೆದರು. ಗೂಟಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಸ್ವಲ್ಪಸ್ವಲ್ಪವೇ ಉದ್ದ ಬಿಡುತ್ತಾ ಸುತ್ತು ಬಂದೆವು. ಗೇಣಿಗೊಂದು ಕಡೆ ಕಬ್ಬಿಣದ ಸರಳು ಚುಚ್ಚುವುದು, ಮುಂದೆ ಹೋಗುವುದು. ಮೇಲೆ ಹಪ್ಪಳದಂಥ ಒಣ ಪದರ, ಒಳಗೆ ಇನ್ನೂ ಮೆತ್ತಗಿನ ಗೋಡು. ಬಿಸಿಲು ನೆತ್ತಿಗೆ ಬಂತು. ಯಜಮಾನರ ಮನೆಯಿಂದ ಮಜ್ಜಿಗೆ ಬಂತು.

ಸರಳು ಠಣ್ ಎಂದದ್ದು ಯಜಮಾನರ ಕೈಯಲ್ಲಿ. ಮೊದಲು ಕಲ್ಲು ಎಂದುಕೊಂಡರು. ಪಕ್ಕದಲ್ಲಿ ಚುಚ್ಚಿದರು, ಅಲ್ಲೂ ಅದೇ ಸದ್ದು. ಗುದ್ದಲಿ ಬೇಡ ಎಂದು ಭಾವ ಕೈಯಲ್ಲೇ ಬಗೆದರು. ಮೊದಲು ಒಂದು ರೆಕ್ಕೆ, ಆಮೇಲೆ ಮೂರೂ. ಅವರ ಕಣ್ಣು ಒದ್ದೆಯಾಗಿತ್ತು. ಅದು ಅವರು ಇಪ್ಪತ್ತು ವರ್ಷ ದುಡಿದು, ಉಳಿಸಿ, ತಮಗಾಗಿ ಕೊಂಡ ಒಂದೇ ವಸ್ತುವಿನ ಭಾಗ. ನನಗೂ ಗಂಟಲು ಕಟ್ಟಿತು.

ಸಿಹಿನೀರಾದ್ದರಿಂದ ಹೆಚ್ಚೇನೂ ಹಾಳಾಗಿರಲಿಲ್ಲ. ಬಣ್ಣ ಎದ್ದ ಕಡೆ ಬಿಳಿ ಪುಡಿ, ಒಂದು ರೆಕ್ಕೆಯ ಅಂಚಿನಲ್ಲಿ ಸಣ್ಣ ಚೂರು ಹೋಗಿತ್ತು, ಅಷ್ಟೇ. ಒಳಗಿನ ರಬ್ಬರ್ ಗಟ್ಟಿಯಾಗಿತ್ತು. ಅಂಚನ್ನು ಅರದಲ್ಲಿ ಉಜ್ಜಿದೆವು. ಮೂರೂ ರೆಕ್ಕೆಯ ತೂಕ ಸಮವಿಲ್ಲದಿದ್ದರೆ ಮೋಟಾರು ಅದುರುತ್ತದೆ, ಅದನ್ನೂ ಸರಿ ನೋಡಿಕೊಂಡೆವು. ಶಾಫ್ಟಿಗೆ ಗ್ರೀಸ್, ಹೊಸ ನಟ್ಟು, ಎಸ್‌ಎಸ್ ಪಿನ್. ಪಿನ್ನಿನ ಎರಡೂ ಕಾಲು ಚೆನ್ನಾಗಿ ಮಡಚಿ ಹಾಕಿದರು ಭಾವ.

2024ರ ಜುಲೈನಲ್ಲಿ ಕಟ್ಟೆ ತುಂಬಿತು. ಮದ್ದೂರಿನ ಅಕ್ಕ ಫೋನು ಮಾಡಿ ನಾಟಿಗೆ ಸಸಿಮಡಿ ಮಾಡುತ್ತಿದ್ದೇವೆ ಎಂದಾಗ ಮನೆಯಲ್ಲಿ ಎಲ್ಲರಿಗೂ ಜೀವ ಬಂದಂತಾಯಿತು.

ಯಜಮಾನರು ದುಡ್ಡು ಮುಟ್ಟಲಿಲ್ಲ. "ಒಂದ್ ಸಲ ಕೂರ್ಸ್ಕಂಡ್ ಹೋಗಿ, ಸಾಕು" ಎಂದರು. ಈಗ ಆಗಾಗ ಅವರೂ ದೋಣಿ ಹತ್ತುತ್ತಾರೆ. ಮುಂದೆ ಕೂತು ಬೆರಳು ತೋರಿಸುತ್ತಾ ಬರುತ್ತಾರೆ. ಇಲ್ಲಿ ಹಳ್ಳ, ಇಲ್ಲಿ ಗಾಡಿ ದಾರಿ, ಇಲ್ಲಿ ಮರದ ಮೋಟು ಅದೆ, ಲಂಗರು ಬಿಡಬ್ಯಾಡಿ. ಭಾವ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಹುಣಸೆಮರದಿಂದ ಮೇಲಿನ ಹಳ್ಳದವರೆಗೆ ಈಗ ನಕ್ಷೆ ಆಗಿದೆ. ಆಚೆ ದಡ ಇನ್ನೂ ಬಾಕಿ ಇದೆ.