ನಾಯಿ ಮುಖ ತಿರುಗಿಸಿದರೆ ಏನರ್ಥ? ನಾಲ್ಕು ಭಾನುವಾರಗಳ ಲೆಕ್ಕ

ನಮ್ಮ ಬೀದಿಯ 7 ಮಕ್ಕಳಿಗೆ ನಾಯಿಗಳ ಬಾಡಿ ಲ್ಯಾಂಗ್ವೇಜ್ ಕಲಿಸಲು ಶುರು ಮಾಡಿ ಇವತ್ತಿಗೆ ನಾಲ್ಕು ಭಾನುವಾರ. ಚಿಕ್ಕವಳಿಗೆ 5 ವರ್ಷ, ದೊಡ್ಡವನಿಗೆ 11. ಕ್ಲಾಸು ಮೈಸೂರಿನ ನಮ್ಮ ಮನೆಯ ಗೇಟಿನ ಒಳಗೆ, ಕಟ್ಟೆಯ ಮೇಲೆ. ಹೊರಗೆ ಹೊಂಗೆ ಮರದ ಕೆಳಗೆ ಬೀದಿನಾಯಿ ಕರಿಯ ಮಲಗಿರುತ್ತಾನೆ. ಅವನನ್ನು ಮುಟ್ಟುವ ಹಾಗಿಲ್ಲ, ನೋಡಬೇಕು ಅಷ್ಟೇ.

ಮೊದಲ ವಾರ ಎಲ್ಲರ ಕೈಗೂ ಒಂದು ನೋಟ್‌ಬುಕ್ ಕೊಟ್ಟೆ. ಖುಷಿ, ಕೋಪ ಅಂತ ಬರೆಯಬಾರದು, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಬಾಲ ಎಲ್ಲಿದೆ, ಕಿವಿ ಹೇಗಿದೆ, ಬಾಯಿ ತೆರೆದಿದೆಯಾ ಮುಚ್ಚಿದೆಯಾ. ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಏಳರಲ್ಲಿ ಆರು ಜನ "ಬಾಲ ಆಡಿಸ್ತಿದೆ, ಖುಷಿಯಾಗಿದೆ" ಅಂತಲೇ ಬರೆದರು. ದೊಡ್ಡವರೂ ಹಾಗೇ ಅಂದುಕೊಂಡಿರುತ್ತೇವೆ ಅಲ್ವಾ? ಬಾಲದ ಜೊತೆ ಸೊಂಟವೂ ಸಡಿಲವಾಗಿ ಆಡುತ್ತಿದ್ದರೆ ಸರಿ. ಬಾಲ ಮೇಲೆತ್ತಿ, ಮೈ ಬಿಗಿ ಹಿಡಿದು, ತುದಿ ಮಾತ್ರ ಚಟಚಟ ಆಡುತ್ತಿದ್ದರೆ ಅಲ್ಲಿಂದ ದೂರ ಇರಬೇಕು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಪಕ್ಕದ ಬೀದಿಯ ನಾಯಿ ಬಂತು, ಕರಿಯ ಅದನ್ನೇ ಮಾಡಿ ತೋರಿಸಿದ.

ಎರಡನೇ ವಾರ ಸಣ್ಣ ಸಣ್ಣ "ಬೇಡ"ಗಳನ್ನು ಹುಡುಕಿದೆವು. ತಿಂಡಿ ಇಲ್ಲದಿದ್ದರೂ ಮೂತಿ ನೆಕ್ಕಿಕೊಳ್ಳುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು. ನಾಯಿ ಗುರ್ ಅನ್ನುವ ಎಷ್ಟೋ ಮೊದಲೇ ಇಷ್ಟನ್ನೆಲ್ಲ ಹೇಳಿರುತ್ತದೆ. ನಮಗೆ ಕಾಣುವುದಿಲ್ಲ, ಆಮೇಲೆ "ಸುಮ್ನೆ ಕಚ್ಚಿಬಿಡ್ತು" ಅನ್ನುತ್ತೇವೆ. ಯಾರೋ ಸ್ಕೂಟರ್ ತಂದು ಕರಿಯನ ಪಕ್ಕದಲ್ಲೇ ನಿಲ್ಲಿಸಿದಾಗ ಅವನು ಆಕಳಿಸಿದ್ದನ್ನು ಮೊದಲು ಕಂಡುಹಿಡಿದದ್ದು 5 ವರ್ಷದ ಪುಟ್ಟಿ. ನನಗೇ ಕಂಡಿರಲಿಲ್ಲ.

ಮೂರನೇ ವಾರ ಸ್ವಲ್ಪ ಎಡವಿದೆವು. ನಮ್ಮ ಮನೆಯ ನಾಯಿ ಬೆಳ್ಳಿಯನ್ನು ಹೊರಗೆ ಕರೆತಂದು ಮೂರೆಣಿಕೆಯ ಪರೀಕ್ಷೆ ಕಲಿಸುತ್ತಿದ್ದೆ. ನಾವು ಅವಳ ಹತ್ತಿರ ಹೋಗಬಾರದು, ಅವಳೇ ಬರಬೇಕು. ಬಂದರೆ ಎದೆಯ ಹತ್ತಿರ ಮೂರು ಎಣಿಸುವವರೆಗೆ ಸವರಿ, ಕೈ ತೆಗೆದು ಕಾಯಬೇಕು. ಅವಳು ಮತ್ತೆ ಒರಗಿದರೆ ಇನ್ನೊಂದು ಸಲ ಸವರಬಹುದು. ಸುಮ್ಮನಿದ್ದರೆ, ಹೊರಟುಹೋದರೆ, ಅಲ್ಲಿಗೆ ಮುಗಿಯಿತು. ಎರಡನೇ ಕ್ಲಾಸಿನ ಒಬ್ಬ ಹುಡುಗ ಪ್ರೀತಿ ತಡೆಯಲಾರದೆ ಕುತ್ತಿಗೆ ತಬ್ಬಿಬಿಟ್ಟ. ಬೆಳ್ಳಿ ಕಲ್ಲಿನ ಹಾಗೆ ನಿಂತಳು, ಬಾಯಿ ಮುಚ್ಚಿತು, ಗುರ್ ಅಂದಳು. ಅವನನ್ನು ಮೆಲ್ಲಗೆ ಬಿಡಿಸಿದೆ, ಯಾರಿಗೂ ಏನೂ ಆಗಲಿಲ್ಲ. ಒಂದು ಸಲಕ್ಕೆ ಒಂದೇ ಮಗು ಅಂತ ನಾನು ಮೊದಲೇ ನಿಯಮ ಮಾಡಬೇಕಿತ್ತು, ಈಗ ಮಾಡಿದ್ದೇನೆ. ಅಲ್ಲೇ ಇದ್ದ ಹಿರಿಯರೊಬ್ಬರು ಬೆಳ್ಳಿಗೆ ಎರಡೇಟು ಹಾಕಿ ಅಂದರು. ನಾನು ಒಪ್ಪಲಿಲ್ಲ. ಗುರ್ ಅನ್ನುವುದು ಎಚ್ಚರಿಕೆ. ಅದಕ್ಕೆ ಹೊಡೆದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಮುಂದಿನ ಸಲ ನೇರ ಹಲ್ಲು ತಾಗುತ್ತದೆ.

ಅವತ್ತೇ ಕಚ್ಚಿದರೆ ಏನು ಮಾಡಬೇಕು ಅನ್ನುವುದನ್ನೂ ಹೇಳಿಬಿಟ್ಟೆ. ಬೈತಾರೆ ಅಂತ ಮುಚ್ಚಿಡಬಾರದು, ಪರಚಿದ್ದರೂ ಹೇಳಬೇಕು. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ, ಅದಕ್ಕೇ ಡಾಕ್ಟರ್ ಹೇಳಿದ ಅಷ್ಟೂ ಇಂಜೆಕ್ಷನ್ ಮುಗಿಸಲೇಬೇಕು.

ಇವತ್ತು ನಾಯಿಗಳಿಗೆ ರಜೆ. ಮಕ್ಕಳನ್ನೇ ಎದುರುಬದುರು ನಿಲ್ಲಿಸಿದೆ. ಒಬ್ಬರು ನಿಧಾನವಾಗಿ ನಡೆದು ಬರಬೇಕು, ಇನ್ನೊಬ್ಬರು ಮಾತಾಡಬಾರದು. ಎದುರಿನವರ ಭುಜ ಬಿಗಿಯಾಯಿತು, ಕಾಲು ಹಿಂದೆ ಸರಿಯಿತು, ನಗು ನಿಂತಿತು ಅಂತ ಕಂಡ ಕೂಡಲೇ ನಿಂತು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ನನ್ನ ಮಗಳ ಗೆರೆ ಗೆಳತಿಗೆ ಒಂದು ಟೈಲ್ ದೂರ, ದೊಡ್ಡ ಹುಡುಗನಿಗೆ ನಾಲ್ಕು ಟೈಲ್. ಅವನಿಗೆ ಬೇಜಾರಾಗಬಹುದು ಅಂದುಕೊಂಡಿದ್ದೆ. ಅವನು "ಸರಿ, ನಾಲ್ಕು" ಅಂತ ಗೆರೆ ಎಳೆದು ನಿಂತ. ಬೆಳ್ಳಿಯನ್ನು ತಬ್ಬಿದ್ದ ಹುಡುಗ ಇವತ್ತು ಎಲ್ಲರಿಗಿಂತ ಬೇಗ ನಿಲ್ಲುತ್ತಿದ್ದ.

ಕೊನೆಗೆ ಮನೆಗೆ ಬಂದ ನೆಂಟರೊಬ್ಬರು ಪುಟ್ಟಿಯ ಕೆನ್ನೆ ಹಿಂಡಲು ಕೈ ಚಾಚಿದರು. ಅವಳು ಮುಖ ತಿರುಗಿಸಿದಳು. ಪಕ್ಕದಲ್ಲಿದ್ದ ಅದೇ ಹುಡುಗ, "ಆಂಟಿ, ಅವಳು ಮುಖ ತಿರುಗಿಸಿದ್ಲು, ನೋಡಿ" ಅಂದ. ಅವರು ಒಂದು ಕ್ಷಣ ತಡೆದು ಕೈ ಹಿಂದೆ ತೆಗೆದುಕೊಂಡರು, ಆಮೇಲೆ ಕಟ್ಟೆಯ ಮೇಲೆ ಕೂತು ಅವಳ ನೋಟ್‌ಬುಕ್ ತೋರಿಸು ಅಂದರು. ಸ್ವಲ್ಪ ಹೊತ್ತಿಗೆ ಪುಟ್ಟಿ ತಾನೇ ಹೋಗಿ ಅವರ ಪಕ್ಕ ಕೂತಳು.

ಮುಂದಿನ ಭಾನುವಾರ ಮಲಗಿರುವ, ಉಣ್ಣುತ್ತಿರುವ, ಮರಿ ಹಾಕಿರುವ ನಾಯಿಯ ಪಾಠ. ಜೊತೆಗೆ ನಾಯಿ ಓಡಿ ಬಂದರೆ ಮರದ ಹಾಗೆ ಅಲುಗದೆ ನಿಲ್ಲುವ ಅಭ್ಯಾಸ. ಸೀಮೆಸುಣ್ಣ ಖಾಲಿಯಾಗಿದೆ, ತರಬೇಕು.