ಆಧಾರ್ ತೆಗೆಯಲಿಲ್ಲ

23 ಮಾರ್ಚ್ 2025, ಭಾನುವಾರ
ಬೆಂಗಳೂರು

ಇವತ್ತು ಬಾಣಸವಾಡಿ ಕಡೆ ಇನ್ನೊಂದು ಮನೆ ನೋಡಿದೆ. ಒಂದು ರೂಮು, ಅಡುಗೆಮನೆ, ಕಾವೇರಿ ನೀರು. ಅಡ್ವಾನ್ಸ್ ಕೂಡ ಬಾಯಿಗೆ ಬಂದಷ್ಟು ಕೇಳಿರಲಿಲ್ಲ. ಓನರ್ ಕೆಳಗಡೆಯೇ ಇರುತ್ತಾರೆ. ಬಾಗಿಲು ತೆಗೆದವರು ನನ್ನನ್ನು ನೋಡಿದರು, ನನ್ನ ಕೂದಲು ನೋಡಿದರು, ಆಮೇಲೆ ಬ್ರೋಕರ್ ಕಡೆ ತಿರುಗಿದರು.

"ಆಫ್ರಿಕಾದವರಿಗೆ ಕೊಡಲ್ಲ ಅಂತ ಹೇಳಿದ್ದೆ ಅಲ್ವಾ?"

"ಅಯ್ಯೋ, ಇಲ್ಲ ಸಾರ್. ಇವರು ನಮ್ಮವರೇ, ಯಲ್ಲಾಪುರದವರು. ಮೇಡಂ, ಆಧಾರ್ ತೋರಿಸಿ."

ಕೈ ತಾನಾಗಿಯೇ ಬ್ಯಾಗಿಗೆ ಹೋಯಿತು. ಊರು ಬಿಡುವಾಗ ಅಮ್ಮ ಹೇಳಿದ್ದೇ ಅದು, ಆಧಾರ್ ಮೇಲೇ ಇಟ್ಟುಕೋ ಅಂತ. ನಾವು ಸಿದ್ದಿಗಳು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನು ತಂದರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ನಮ್ಮ ಜನ ಇದ್ದಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಆಫ್ರಿಕಾ ನೋಡಿದವರು ನಮ್ಮ ಕೇರಿಯಲ್ಲಿ ಒಬ್ಬರೂ ಇಲ್ಲ. ಇಷ್ಟನ್ನೂ ಆಟೋದಲ್ಲಿ, ಬ್ಯಾಂಕಿನಲ್ಲಿ, ಮೆಟ್ರೋದಲ್ಲಿ ಹೇಳಿ ಹೇಳಿ ಬಾಯಿಪಾಠ ಆಗಿದೆ.

ಇವತ್ತು ಅದನ್ನು ಒಪ್ಪಿಸಲಿಲ್ಲ. ಕಾರ್ಡನ್ನೂ ತೆಗೆಯಲಿಲ್ಲ. "ಆಫ್ರಿಕಾದವಳು ಅಂತಲೇ ಅಂದ್ಕೊಳ್ಳಿ ಸಾರ್. ಕೆಲಸ ಇದೆ, ಬಾಡಿಗೆ ಐದನೇ ತಾರೀಖಿನೊಳಗೆ ಕೊಡ್ತೀನಿ. ಏನು ತೊಂದರೆ?" ಅಂದೆ.

ಅವರು ಕಣ್ಣರಳಿಸಿ, "ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!" ಅಂದರು. ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಶಾಲೆಯಲ್ಲಿ ನಾನು ಬಾಯಿ ಬಿಡುತ್ತಿದ್ದದ್ದೇ ಅಪರೂಪ. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿದ್ದರು. ಅದಾದ ಮೇಲೆ ಎಲ್ಲ ಮೇಷ್ಟ್ರಿಗೂ ನಾವೆಲ್ಲ ಹುಟ್ಟು ಓಟಗಾರರು! ನನಗೆ ಓಡೋಕೆ ಬರೋದಿಲ್ಲ ಅಂತ ಹೇಳಲು ಧೈರ್ಯ ಸಾಲದೆ ಓಡಿ, ಎಲ್ಲರಿಗಿಂತ ಹಿಂದೆ ಬಂದೆ. ಆ ಮೇಷ್ಟ್ರ ಮುಖ ನೋಡಬೇಕಿತ್ತು.

ಇವತ್ತು ಬಾಯಿ ಬಂದದ್ದಕ್ಕೆ ಮೊನ್ನೆ ಶುಕ್ರವಾರವೂ ಒಂದು ಕಾರಣ ಇರಬೇಕು. ಮಾರ್ಚ್ 21, ಜನಾಂಗೀಯ ತಾರತಮ್ಯದ ವಿರುದ್ಧದ ದಿನ ಅಂತ ಆಫೀಸಿನಲ್ಲಿ ಪೋಸ್ಟರ್ ಹಚ್ಚಿದ್ದರು. ಫೋಟೋಗೆ ನನ್ನನ್ನೇ ಮುಂದೆ ನಿಲ್ಲಿಸಿದರು, ಇರಲಿ ಬಿಡಿ. ಅದೇ ತಾರೀಖು ಯಾಕೆ ಅಂತ ಊಟದ ಹೊತ್ತಿನಲ್ಲಿ ಓದಿದೆ. 1960, ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್. ಕಪ್ಪು ಜನ ಸದಾ ಪಾಸ್‌ಬುಕ್ ಅನ್ನೋ ಗುರುತಿನ ಪುಸ್ತಕ ಇಟ್ಟುಕೊಂಡಿರಬೇಕಿತ್ತು. ಪೊಲೀಸರು ಕೇಳಿದಾಗ ತೋರಿಸದಿದ್ದರೆ ಹಿಡಿದು ಒಳಗೆ ಹಾಕುತ್ತಿದ್ದರು. ಆ ದಿನ ಸಾವಿರಾರು ಜನ ಪಾಸ್ ಇಲ್ಲದೆ ಪೊಲೀಸ್ ಠಾಣೆಗೇ ಹೋಗಿ, ಹಿಡಿಯಿರಿ ನೋಡೋಣ ಅಂತ ನಿಂತರು. ಪೊಲೀಸರು ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲೇ 69 ಜನ ಸತ್ತರು. ಎಷ್ಟೋ ಜನಕ್ಕೆ ಗುಂಡು ಬಿದ್ದದ್ದು ಬೆನ್ನಿಗೆ.

ನನ್ನ ಆಧಾರ್ ಕಾರ್ಡನ್ನು ಅದರ ಪಕ್ಕ ಇಡೋದು ಜಾಸ್ತಿ ಆಯಿತು, ಗೊತ್ತು. ನನ್ನನ್ನು ಯಾರೂ ಜೈಲಿಗೆ ಹಾಕೋದಿಲ್ಲ. ಆದರೂ ನನ್ನ ರೂಮ್‌ಮೇಟ್ ಹಾಸನದವಳು. ಅವಳಿಗೆ ಆಧಾರ್ ಕೇಳಿದ್ದು ಕರಾರು ಪತ್ರ ಬರೆಯುವ ದಿನ. ನನಗೆ ಬಾಗಿಲಲ್ಲೇ.

ಬ್ರೋಕರ್ ಒಳ್ಳೆಯ ಮನಸ್ಸಿನಿಂದಲೇ "ನಮ್ಮವರು" ಅಂದ. ನಾನು ಅದನ್ನು ಹಿಡಿದುಕೊಂಡು ಒಳಗೆ ಹೋದರೆ, ನೈಜೀರಿಯಾದಿಂದ ಓದಲು ಬಂದವಳ ಮುಖಕ್ಕೆ ಬಾಗಿಲು ಹಾಕಿದ್ದು ಸರಿ ಅಂತ ಒಪ್ಪಿದ ಹಾಗೆ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆ ಕಡೆ ಕಾರು ಗುದ್ದಿ ಒಬ್ಬ ಹೆಂಗಸು ಸತ್ತರು. ಕಾರು ಓಡಿಸಿದವನು ಸುಡಾನಿನವನು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಅವಳು ಬಂದ ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಆಗ ನಾನು ಇಲ್ಲೇ ಪಿಜಿಯಲ್ಲಿದ್ದೆ. ಅಪ್ಪ ಫೋನ್ ಮಾಡಿ, "ರಾತ್ರಿ ಹೊರಗೆ ಹೋಗಬೇಡ, ಹೋದರೆ ಜೋರಾಗಿ ಕನ್ನಡ ಮಾತಾಡು" ಅಂದಿದ್ದರು. ಆ ವಾರ ಮೊಬೈಲನ್ನು ಸುಮ್ನೆ ಕಿವಿಗಿಟ್ಟುಕೊಂಡು ಯಾರ ಜೊತೆಗೋ ಮಾತಾಡುವವಳ ಹಾಗೆ ಓಡಾಡಿದ್ದೇನೆ.

ಸಂಜೆ ತಮ್ಮನಿಗೆ ಹೇಳಿದರೆ ರೇಗಿದ. "2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದೆವು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೇ ಹೋದರು. ಇಲ್ಲಿಯವರು ಅನ್ನಿಸಿಕೊಳ್ಳೋಕೆ ನಮ್ಮವರು ಇಷ್ಟು ಒದ್ದಾಡಿದ್ದಾರೆ, ನೀನು ನೋಡಿದರೆ ಆಫ್ರಿಕಾದವಳು ಅಂದ್ಕೊಳ್ಳಿ ಅಂತೀಯಾ?"

ಅವನ ಸಿಟ್ಟು ನನಗೆ ಅರ್ಥ ಆಗುತ್ತದೆ. ನಾನು ಇಲ್ಲಿಯವಳು ಅನ್ನೋದನ್ನು ನಾನೂ ಬಿಟ್ಟುಕೊಡೋದಿಲ್ಲ. ಅದನ್ನು ಮನೆ ಬಾಡಿಗೆಗೆ ಪಡೆಯುವ ರಿಯಾಯಿತಿ ಕೂಪನ್ ಮಾಡಿಕೊಳ್ಳಲಾರೆ, ಅಷ್ಟೇ. ಅವನಿಗೆ ಹಾಗೇ ಹೇಳಿದೆ. "ಹಾಗಾದರೆ ಪಿಜಿಯಲ್ಲೇ ಸಾಯಿ" ಅಂತ ಫೋನ್ ಇಟ್ಟ.

ಎಂಟು ಗಂಟೆಗೆ ಬ್ರೋಕರ್ ಫೋನ್ ಬಂತು. ಓನರ್ ಒಪ್ಪಿದ್ದಾರಂತೆ, ನನಗೆ ಮಾತ್ರ. "ಮೇಲೆ ಇನ್ನೊಂದು ಮನೆ ಖಾಲಿ ಇದೆಯಲ್ಲ, ಅದನ್ನು ಯಾರು ಕೇಳಿದರೂ ಕೊಡ್ತಾರಾ ಕೇಳಿ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ನನ್ನ ಕಮಿಷನ್ ಕಥೆ ಏನು?" ಅಂದ. ಮುಂದಿನ ಭಾನುವಾರ ಹೊರಮಾವಿನಲ್ಲಿ ಮನೆ ತೋರಿಸುತ್ತಾನಂತೆ. ಬಾಗಿಲು ತಟ್ಟುವ ಮೊದಲೇ ಓನರ್ ಹತ್ತಿರ ಎಲ್ಲ ಮಾತಾಡಿರ್ತೀನಿ ಅಂದಿದ್ದಾನೆ. ಏನು ಮಾತಾಡ್ತೀಯ ಅಂತ ನಾನು ಇನ್ನೂ ಕೇಳಿಲ್ಲ.